ಹೋಗಿಬರುವ ಲೆಕ್ಕ

ಕನ್ನಡ ಮೇಷ್ಟರನ್ನು ಹುಡುಕಿಕೊಂಡು ಜನ ಬರುವುದು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ. ಒಂದು, ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳುವುದಕ್ಕೆ. ಇನ್ನೊಂದು, ಇಂಗ್ಲಿಷಿನ ಕಾಗದವೊಂದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದಕ್ಕೆ. ಎರಡಕ್ಕೂ ಸಂಭಾವನೆ ಇಲ್ಲ. ಮೊದಲನೆಯದರಲ್ಲಿ ಊಟವಾದರೂ ಉಂಟು.

2022ರ ಚಳಿಗಾಲದಲ್ಲಿ ಒಬ್ಬ ತರುಣ ಸಂಶೋಧಕ ನನ್ನಲ್ಲಿಗೆ ಬಂದದ್ದು ಎರಡನೆಯ ಕಾರಣಕ್ಕೆ. ದೂರದ ದೊಡ್ಡ ಊರಿನವನು. ಕನ್ನಡ ಬಲ್ಲವನೇ, ಆದರೆ ಅದರಲ್ಲಿ ಬರೆಯುವ ಅಭ್ಯಾಸ ತಪ್ಪಿದವನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಸುತ್ತಮುತ್ತಲಿನ ಜನ ಹೇಗೆ ಓಡಾಡುತ್ತಾರೆ ಎಂಬುದನ್ನು ತಿಳಿಯುವುದಕ್ಕಾಗಿ ಹದಿನಾಲ್ಕು ಪುಟದ ಪ್ರಶ್ನಾವಳಿಯೊಂದನ್ನು ತಂದಿದ್ದ. ಅದನ್ನು ಕನ್ನಡ ಮಾಡಿಕೊಡಬೇಕು. ಸಾಧ್ಯವಾದರೆ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಮನೆಮನೆಗೆ ಕಳಿಸಿ ತುಂಬಿಸಿಕೊಡಬೇಕು. ಮೊದಲ ಪುಟದ ನೆತ್ತಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಸಸ್ಟೇನಬಲ್ ಮೊಬಿಲಿಟಿ ಎಂದಿತ್ತು.

ಪಾರಿಭಾಷಿಕ ಪದಕೋಶದ ಮರ್ಯಾದೆಯಂತೆ ಇದನ್ನು 'ಸುಸ್ಥಿರ ಚಲನಶೀಲತೆ' ಎನ್ನಬೇಕು. ಬರೆದು ನೋಡಿದೆ. ಪದ ಗಂಭೀರವಾಗಿಯೇನೋ ಇತ್ತು. ಆದರೆ ಒಂದೇ ಉಸಿರಿನಲ್ಲಿ 'ನಿಲ್ಲು' ಎಂದೂ 'ನಡೆ' ಎಂದೂ ಹೇಳುತ್ತಿತ್ತು. ಸ್ಥಾವರ ಯಾವುದು, ಜಂಗಮ ಯಾವುದು ಎಂದು ಎಂಟುನೂರು ವರ್ಷಗಳ ಹಿಂದೆಯೇ ವಿಂಗಡಿಸಿ ಹೇಳಿದ ಶರಣರ ನಾಡಿನಲ್ಲಿ ಎರಡನ್ನೂ ಒಂದೇ ಚೀಲದಲ್ಲಿ ತುಂಬಿ ಬಾಯಿ ಕಟ್ಟುವುದು ನನಗೆ ಸರಿಕಾಣಲಿಲ್ಲ. ಅದರ ಅರ್ಥವೇನೆಂದು ಸಂಶೋಧಕನನ್ನೇ ಕೇಳಿದೆ. "ಇವತ್ತು ನಾವು ಓಡಾಡುವ ರೀತಿ ನಾಳೆ ಓಡಾಡುವವರ ಗಾಳಿಯನ್ನೂ ಎಣ್ಣೆಯನ್ನೂ ದಾರಿಯನ್ನೂ ತಿಂದುಹಾಕಬಾರದು, ಅಷ್ಟೇ ಸಾರ್" ಎಂದ. ಅಷ್ಟೇ ಆದರೆ ಅದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ. ಕೊಡವನ್ನೋ ಚಪ್ಪಲಿಯನ್ನೋ ಕೊಳ್ಳುವಾಗ 'ಬಾಳಿಕೆ ಬರುತ್ತದೆಯೇ' ಎಂದು ಕೇಳುತ್ತೇವಲ್ಲ, ಅದೇ. 'ಬಾಳಿಕೆಯ ಓಡಾಟ' ಎಂದು ಬರೆದುಕೊಟ್ಟೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದು ಎಲ್ಲರಿಗೂ ಅರ್ಥವಾಗಿಬಿಡುತ್ತದಲ್ಲ ಸಾರ್" ಎಂದು ಸಂಕೋಚಪಟ್ಟ. ಕೊನೆಗೆ ಮೇಲೆ ಸುಸ್ಥಿರವೂ ಕೆಳಗೆ ಬಾಳಿಕೆಯೂ ಇರಲೆಂದು ರಾಜಿಯಾದೆವು.

ಈ ಗೆಲುವಿನ ಉಬ್ಬಿನಲ್ಲಿ ಮುಂದಿನ ಪುಟಕ್ಕೆ ಹೋದವನು ಒಂದು ಸಣ್ಣ ಪದದಲ್ಲಿ ಎಡವಿದೆ. ಎಡವಿದ್ದು ಆಗ ಗೊತ್ತಾಗಲಿಲ್ಲ. ಇಂಗ್ಲಿಷಿನಲ್ಲಿ 'ಟ್ರಿಪ್' ಎಂದಿದ್ದ ಕಡೆಯಲ್ಲೆಲ್ಲ ನಾನು 'ಪ್ರಯಾಣ' ಎಂದು ಬರೆದೆ. ಹದಿನಾಲ್ಕು ಪುಟಗಳಲ್ಲಿ ಆ ಪದ ಎಷ್ಟು ಬಾರಿ ಬಂದಿತ್ತೋ ಅಷ್ಟು ಬಾರಿಯೂ ಎಡವಿದೆ.

ಆ ಕತೆಗೆ ಮುಂಚೆ ಈ ಐದು ಊರುಗಳ ವಿಷಯ ಒಂದೆರಡು ಮಾತು ಹೇಳಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಇದನ್ನು ಓದುತ್ತಿರುವವರಿಗೆ ಇವು ರೈಲಿನ ಕಿಟಕಿಯಲ್ಲಿ ರಾತ್ರಿಯ ಹೊತ್ತು ದಾಟಿಹೋದ ಹೆಸರುಗಳು. ಆದರೆ ನೀವು ನಮ್ಮ ಊರುಗಳನ್ನು ಕಾಣದಿದ್ದರೂ ನಮ್ಮ ಊರುಗಳು ನಿಮ್ಮ ಮನೆಗೆ ಬಂದಿವೆ. ಬಚ್ಚಲಿಗೋ ಅಂಗಳಕ್ಕೋ ಹಾಸಿದ ಬೂದುಬಣ್ಣದ ಚಪ್ಪಡಿ ಶಹಾಬಾದಿನ ಫರಸಿಯಾಗಿರಬಹುದು. ತಾರಸಿಯ ಸಿಮೆಂಟು ವಾಡಿಯದೋ ಸೇಡಂ ಕಡೆಯದೋ ಆಗಿರಬಹುದು. ಸಾರಿನ ಬೇಳೆ ಚಿಂಚೋಳಿಯ ಕಪ್ಪುಮಣ್ಣಿನ ತೊಗರಿಯದಾಗಿರಬಹುದು. ನಮ್ಮ ನೆಲದ ಕೆಳಗಿರುವುದು ಸುಣ್ಣಕಲ್ಲು, ಮೇಲಿರುವುದು ತೊಗರಿ. ಎರಡೂ ಚೆನ್ನಾಗಿ ಊರು ಬಿಟ್ಟು ಹೋಗುತ್ತವೆ.

ಹೋಗುವ ದಾರಿಯೂ ಹಳೆಯದೇ. ಮುಂಬಯಿಯ ಕಡೆಯಿಂದ ಬಂದ ಹಳಿ ನಮ್ಮ ಸೀಮೆಯನ್ನು ಹಾದು 1871ರಲ್ಲಿ ರಾಯಚೂರಿನ ಹತ್ತಿರ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ಹಳಿ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿಗೆ ಹೋಯಿತು. ಆ ಕವಲಿನಿಂದಲೇ ವಾಡಿ ಊರಾದದ್ದು. ಬಸ್ಸಿನ ಕತೆಯೂ ಸ್ವಾರಸ್ಯವಾಗಿದೆ. 1932ರಲ್ಲಿ ನಿಜಾಮರ ಸರಕಾರ 27 ಬಸ್ಸುಗಳನ್ನಿಟ್ಟುಕೊಂಡು ಸರಕಾರಿ ಬಸ್ಸಿನ ವ್ಯವಸ್ಥೆಯನ್ನು ಆರಂಭಿಸಿದಾಗ ಅದನ್ನು ಒಪ್ಪಿಸಿದ್ದು ರೈಲ್ವೆಯವರಿಗೇ. ರೈಲಿಗೂ ಬಸ್ಸಿಗೂ ಒಂದೇ ಇಲಾಖೆ. ಇಂದು ವಿದ್ವಾಂಸರು 'ಸಮನ್ವಿತ ಸಾರಿಗೆ' ಎಂದು ಗ್ರಂಥ ಬರೆಯುತ್ತಾರಲ್ಲ, ಅದರ ಬೀಜ ನಮ್ಮ ಹಳೆಯ ಸೀಮೆಯಲ್ಲಿತ್ತು. ಈಗ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ರೈಲು ವಾಡಿಯವರೆಗೆ ಮಧ್ಯ ರೈಲ್ವೆಯದು, ವಾಡಿಯಿಂದಾಚೆಗೆ ದಕ್ಷಿಣ ಮಧ್ಯ ರೈಲ್ವೆಯದು. ಒಬ್ಬೊಬ್ಬರದೂ ಒಂದೊಂದು ಗಡಿಯಾರ.

ಐದರಲ್ಲಿ ನಾಲ್ಕು ಊರುಗಳು ಹಳಿಯ ಮೇಲಿವೆ. ಚಿಂಚೋಳಿ ಇಲ್ಲ. ಚಿಂಚೋಳಿಯವರು ರೈಲು ಹತ್ತಬೇಕಾದರೆ ಸೇಡಮ್ಮಿಗೆ ಬರಬೇಕು, ಇಲ್ಲವೆ ರಾಜ್ಯದ ಗಡಿ ದಾಟಿ ತಾಂಡೂರಿಗೆ ಹೋಗಬೇಕು. ಅಲ್ಲಿ ಕಾಡಿದೆ, ಗುಡ್ಡವಿದೆ, ಲಂಬಾಣಿ ತಾಂಡಾಗಳಿವೆ. 2011ರಿಂದ ಆ ಕಾಡು ವನ್ಯಜೀವಿಧಾಮವೂ ಆಗಿದೆ. ಬಸ್ಸು ಕೆಲವು ಕಡೆ ದಿನಕ್ಕೆ ಎರಡು ಸಲ ಬರುತ್ತದೆ. ಉಳಿದ ಹೊತ್ತಿನಲ್ಲಿ ಟಂಟಂ, ಕ್ರೂಸರ್ ಜೀಪು, ಯಾರಾದರೂ ಪುಣ್ಯಾತ್ಮರ ಮೋಟರ್‌ಸೈಕಲ್ಲು, ಅದೂ ಇಲ್ಲವಾದರೆ ಎರಡು ಕಾಲು.

ನಾನು ಶಹಾಬಾದಿನಲ್ಲಿ ಮನೆ ಮಾಡಿಕೊಂಡು ಸೇಡಂ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಬೆಳಿಗ್ಗೆ ಗಾಡಿ ಹತ್ತಿ ವಾಡಿಯಲ್ಲಿಳಿದು ಇನ್ನೊಂದು ಗಾಡಿಗೆ ಕಾಯುತ್ತೇನೆ. ವಾಡಿಯ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ನಾನು ಓದಿದಷ್ಟು ಪುಸ್ತಕಗಳನ್ನು ವಿಶ್ವವಿದ್ಯಾಲಯದಲ್ಲಿ ಓದಿಲ್ಲ. ಕಾಯುವವನ ಎದುರಿಗೆ ಮಾಲಗಾಡಿಗಳು ಹೋಗುತ್ತವೆ: ಕಲ್ಲಿದ್ದಲು ಬರುತ್ತದೆ, ಸಿಮೆಂಟು ಹೋಗುತ್ತದೆ. 2020ರ ಮಾರ್ಚಿನಲ್ಲಿ ಜನರ ಗಾಡಿಗಳೆಲ್ಲ ನಿಂತಾಗಲೂ ಮಾಲಗಾಡಿ ನಿಲ್ಲಲಿಲ್ಲ. ಚಿತ್ತಾಪುರ ದಾಟಿದ ಮೇಲೆ 'ಮಳಖೇಡ ರೋಡ್' ಎಂಬ ಸ್ಟೇಷನ್ನು ಬರುತ್ತದೆ. ರೈಲ್ವೆಯವರು ಊರಿನ ಹೆಸರಿಗೆ 'ರೋಡ್' ಎಂಬ ಬಾಲ ಹಚ್ಚಿದರೆ ಊರು ಅಲ್ಲಿಂದ ದೂರವಿದೆಯೆಂದು ತಿಳಿಯಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ ಒಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಆಸ್ಥಾನದಲ್ಲಿ ಹುಟ್ಟಿತು. ಅದರ ಹೆಸರಿನಲ್ಲಿಯೇ 'ಮಾರ್ಗ'ವಿದೆ. ಕವಿಗಳಿಗೆ ಮಾರ್ಗ ತೋರಿಸಿದ ಊರಿಗೆ ಸ್ಟೇಷನ್ನಿನಿಂದ ಹೋಗಬೇಕಾದರೆ ಇಂದಿಗೂ ಟಂಟಮ್ಮಿಗಾಗಿ ಕಾಯಬೇಕು.

ಇನ್ನು ಪ್ರಶ್ನಾವಳಿಯ ಕತೆ. ಒಂದು ಭಾನುವಾರ ನನ್ನ ವಿದ್ಯಾರ್ಥಿಯೊಬ್ಬನ ಜೊತೆ ಶಹಾಬಾದಿನ ಕಲ್ಲಿನ ಖಣಿಗಳ ಹತ್ತಿರದ ಓಣಿಗೆ ಹೋದೆ. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಹುಡುಗ ಕಾಗದ ತೆಗೆದು ಪುಸ್ತಕದ ಕನ್ನಡವನ್ನು ತನ್ನ ನಾಲಗೆಗೆ ಹೊಂದಿಸಿಕೊಂಡು ಕೇಳಿದ: "ಆಯಿ, ನಿನ್ನಿ ನೀ ಎಷ್ಟು ಪ್ರಯಾಣ ಮಾಡಿದಿ?"

ಮುದುಕಿ ನಕ್ಕಳು. "ಈ ವಯಸ್ಸಿನಾಗ ನಂದೇನ್ ಪ್ರಯಾಣ ಯಪ್ಪಾ? ಇನ್ನ ಒಂದೇ ಪ್ರಯಾಣ ಉಳದದ."

ಹುಡುಗ ವಿಧೇಯತೆಯಿಂದ ಸೊನ್ನೆ ಬರೆದುಕೊಂಡ. ಮುಂದಿನ ಮನೆ ಸೊನ್ನೆ. ಅದರಾಚೆಯದೂ ಸೊನ್ನೆ. ಗಂಡಸರು ಮಾತ್ರ ಖಣಿಗೆ ಹೋದೆ, ಕಾರ್ಖಾನೆಗೆ ಹೋದೆ ಎಂದು ಒಂದೊಂದು ಹೇಳಿದರು. ಓಣಿಯ ಹೆಂಗಸರೆಲ್ಲ ಹಿಂದಿನ ದಿನ ಅಲ್ಲಾಡದೆ ಕುಳಿತಿದ್ದರೆಂದು ಹದಿನಾಲ್ಕು ಪುಟದ ಪ್ರಶ್ನಾವಳಿ ಸಾಕ್ಷಿ ಹೇಳುವಂತಾಯಿತು. ನನಗೇಕೋ ಅನುಮಾನ ಬಂತು. ತಿರುಗಿ ಬಂದು ಮುದುಕಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತೆ. "ಆಯಿ, ನಿನ್ನಿ ಮುಂಜಾನಿಂದ ಏನೇನ್ ಮಾಡಿದಿ, ಹೇಳು" ಎಂದೆ.

"ಏನ್ ಮಾಡ್ತೀನ್ರಿ ಸರ್, ಇದ್ದದ್ದೇ. ನಸುಕಿನ್ಯಾಗ ನಳಕ್ಕ ಹೋಗಿ ನೀರ ತಂದೆ. ಮಗನಿಗಿ ಖಣಿಗಿ ಬುತ್ತಿ ಒಯ್ದು ಕೊಟ್ಟೆ. ರೇಶನ್ ತರ್ಲಿಕ್ಕ ಹೋದ್ರ ಹೆಬ್ಬೆಟ್ಟು ಹೊಂದವಲ್ದು ಅಂದ್ರು, ಬಂದು ಮತ್ತ ಮಧ್ಯಾಹ್ನ ಹೋದೆ. ಜ್ವಾಳ ಬೀಸ್ಲಿಕ್ಕ ಗಿರಣಿಗಿ. ಮೊಮ್ಮಗನ ಮೈ ಬಿಸಿ ಇತ್ತು, ದವಾಖಾನಿಗಿ. ಎಲ್ಲೂ ಹೋಗಿಲ್ರಿ."

ಎಣಿಸಿ ನೋಡಿದೆ. ಆರು ಸಲ ಹೋಗಿದ್ದಾಳೆ, ಆರು ಸಲ ಬಂದಿದ್ದಾಳೆ. ಎಲ್ಲವೂ ನಡೆದು, ಬಹುಪಾಲು ಹೊರೆ ಹೊತ್ತು. 'ಪ್ರಯಾಣ' ಎಂದರೆ ನಮ್ಮ ಜನಕ್ಕೆ ಗಂಟು ಕಟ್ಟಿಕೊಂಡು, ಮನೆಯವರಿಗೆ ಹೇಳಿ, ಗಾಡಿ ಹತ್ತಿ ತಿರುಪತಿಗೋ ಮುಂಬಯಿಗೋ ಹೋಗುವುದು. ದಿನದ ಮಾತು ಅದಲ್ಲ, 'ಹೋಗಿಬರೋದು'. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನು ಒಂದು ಪದವನ್ನು ತಪ್ಪಾಗಿ ಆರಿಸಿದ್ದರಿಂದ ಒಂದು ಓಣಿಯ ಹೆಂಗಸರ ಕಾಲುಗಳೇ ಮಾಯವಾಗಿದ್ದವು. ಅಂದು ರಾತ್ರಿ ಕುಳಿತು ಅಷ್ಟು 'ಪ್ರಯಾಣ'ಗಳನ್ನೂ ಹೊಡೆದುಹಾಕಿ 'ಹೋಗಿಬಂದದ್ದು' ಎಂದು ತಿದ್ದಿದೆ.

ಸಂಶೋಧಕ ಬೇಸರಪಟ್ಟುಕೊಳ್ಳಲಿಲ್ಲ. ನನ್ನ ತಪ್ಪಿಗಿಂತ ದೊಡ್ಡ ತಪ್ಪುಗಳು ಈ ಶಾಸ್ತ್ರದಲ್ಲಿಯೇ ಇವೆ ಎಂದು ಸಮಾಧಾನ ಹೇಳಿದ. ಸಾರಿಗೆಯ ಸಂಶೋಧನೆ ಈಗಿನ ರೂಪಕ್ಕೆ ಬಂದದ್ದು ಅಮೆರಿಕದಲ್ಲಿ, 1950ರ ದಶಕದಲ್ಲಿ. 1955ರಲ್ಲಿ ಆರಂಭವಾದ ಶಿಕಾಗೋ ನಗರದ ಅಧ್ಯಯನ ಅದರಲ್ಲಿ ಹೆಸರಾದದ್ದು. ಅವರ ಪ್ರಶ್ನೆಗಳು ನಾಲ್ಕು: ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ ಹೊರಡುತ್ತಾರೆ, ಯಾವುದರಲ್ಲಿ ಹೋಗುತ್ತಾರೆ, ಯಾವ ದಾರಿ ಹಿಡಿಯುತ್ತಾರೆ. ಇವುಗಳಿಗೆ ಉತ್ತರ ಸಿಕ್ಕಿದರೆ ಇಪ್ಪತ್ತು ವರ್ಷದ ನಂತರ ಎಲ್ಲಿ ಎಷ್ಟು ಅಗಲದ ರಸ್ತೆ ಬೇಕೆಂದು ಗಣಿತ ಮಾಡಬಹುದು. ಜಾಣ ಉಪಾಯವೇ. ಆದರೆ ಅವರಿಗಿದ್ದದ್ದು ಕಾರುಗಳು ಹೆಚ್ಚಾದ ಚಿಂತೆ. ಆದ್ದರಿಂದ ಅವರು ಹೊರಟವರನ್ನು ಎಣಿಸಿದರು. ಹೊರಡಲಾರದವರು ಆ ಗಣಿತದೊಳಗೆ ಕಾಲಿಡುವ ಬಾಗಿಲೇ ಇಲ್ಲ. ಬಸ್ಸಿಲ್ಲದ ಊರಿನಿಂದ ಯಾರೂ ಬಸ್ಸಿನಲ್ಲಿ ಬರುವುದಿಲ್ಲ. ಬಸ್ಸಿನಲ್ಲಿ ಯಾರೂ ಬರದ್ದರಿಂದ ಆ ಊರಿಗೆ ಬಸ್ಸು ಬೇಕಿಲ್ಲ. ತರ್ಕಶಾಸ್ತ್ರದಲ್ಲಿ ಇದನ್ನು ಚಕ್ರಕದೋಷವೆನ್ನುತ್ತಾರೆ. ಚಕ್ರವೇ ಇಲ್ಲದ ಊರಿಗೂ ಚಕ್ರಕ ತಪ್ಪಲಿಲ್ಲ.

ನಮ್ಮ ಗಣತಿಯೂ ಇದಕ್ಕೆ ಹೊರತಲ್ಲ. 2011ರ ಜನಗಣತಿಯಲ್ಲಿ, ಕೆಲಸದ ಜಾಗಕ್ಕೆ ಎಷ್ಟು ದೂರ ಹೋಗುತ್ತೀರಿ, ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆಯಿತ್ತು. ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಕೇಳಬೇಕಾಗಿದ್ದುದು 'ಇತರ ಕೆಲಸಗಾರ'ರನ್ನು ಮಾತ್ರ. ಹೊಲ ಉಳುವವರನ್ನೂ ಕೃಷಿ ಕೂಲಿಗಳನ್ನೂ ಕೇಳಬೇಕಾಗಿರಲಿಲ್ಲ. ಹೊಲ ಮನೆಯ ಹಿತ್ತಿಲಲ್ಲೇ ಇರುತ್ತದೆಂದು ಭಾವಿಸಿದ್ದರೋ ಏನೋ. ಚಿಂಚೋಳಿ ಸೀಮೆಯಲ್ಲಿ ತೊಗರಿ ಕೊಯ್ಯುವುದಕ್ಕೆ ಹೊತ್ತು ಮೂಡುವ ಮೊದಲೇ ಬುತ್ತಿ ಕಟ್ಟಿಕೊಂಡು ನಡೆಯುವ ಹೆಣ್ಣುಮಕ್ಕಳ ಸಾಲನ್ನು ಕಂಡವರು ಹಾಗೆ ಭಾವಿಸಲಾರರು.

ಲೋಕದಲ್ಲಿ ಎಲ್ಲರೂ ಹೊರಟವರನ್ನೇ ಎಣಿಸುತ್ತ ಕುಳಿತಿಲ್ಲವೆಂದೂ ಅವನು ಹೇಳಿದ. ಸ್ಪೇನಿನ ಇನೆಸ್ ಸಾಂಚೆಸ್ ದೆ ಮದರಿಯಾಗಾ ಎಂಬ ವಿದುಷಿ, ಮಗುವನ್ನು ಶಾಲೆಗೆ ಬಿಡುವುದು, ಮುದುಕರನ್ನು ವೈದ್ಯರಲ್ಲಿಗೆ ಒಯ್ಯುವುದು, ದಿನಸಿ ತರುವುದು, ಇವನ್ನೆಲ್ಲ ಬಿಡಿಬಿಡಿಯಾಗಿ ಚದುರಿಸದೆ 'ಆರೈಕೆಯ ಓಡಾಟ' ಎಂದು ಒಂದೇ ತಲೆಬರಹದ ಕೆಳಗೆ ಕೂಡಿಸಿ ಎಣಿಸಿ ತೋರಿಸಿದಳಂತೆ. ಹಾಗೆ ಕೂಡಿಸಿದರೆ ಅದು ಉದ್ಯೋಗದ ಓಡಾಟಕ್ಕೆ ಸರಿಸಮನಾಗಿ ನಿಲ್ಲುವಷ್ಟು ದೊಡ್ಡದು. ನಮ್ಮ ಆಯಿಯ ಆರು ಸಲದ ಹೋಗಿಬರೋದಕ್ಕೆ ಸ್ಪೇನಿನಲ್ಲಿ ಒಂದು ಹೆಸರು ಸಿಕ್ಕಿತ್ತು.

ಇನ್ನೊಬ್ಬನ ವಿಷಯ ಹೇಳಿದಾಗ ಮಾತ್ರ ನನಗೆ ನಗು ನಿಂತುಹೋಯಿತು. ಸ್ವೀಡನ್ನಿನ ಲುಂಡ್ ಎಂಬ ಊರಿನಲ್ಲಿ ಟೋರ್ಸ್ಟೆನ್ ಹೇಗರ್‌ಸ್ಟ್ರಾಂಡ್ ಎಂಬ ಭೂಗೋಳಶಾಸ್ತ್ರಜ್ಞನಿದ್ದ. 1970ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ತಲೆಬರಹವೇ ಒಂದು ಪ್ರಶ್ನೆ: ಈ ಶಾಸ್ತ್ರದಲ್ಲಿ ಮನುಷ್ಯರ ಸಂಗತಿಯೇನು? ಅವನ ವಿಚಾರ ಇಷ್ಟು: ಒಬ್ಬ ಮನುಷ್ಯನ ಒಂದು ದಿನವನ್ನು ಒಂದು ದಾರದಂತೆ ಎಳೆಯಿರಿ. ದಾರ ಮನೆಯಿಂದ ಹೊರಟು ಹೊತ್ತು ಕಳೆದಂತೆ ಊರೂರು ದಾಟಿ ರಾತ್ರಿ ಮನೆಗೆ ಮರಳಬೇಕು. ಮೂರು ಅಡ್ಡಿಗಳುಂಟು. ದೇಹದ ಅಡ್ಡಿ: ನಿದ್ದೆ ಬೇಕು, ಕಾಲಿಗೆ ಇಷ್ಟೇ ವೇಗ. ಕೂಡುವಿಕೆಯ ಅಡ್ಡಿ: ಬಸ್ಸೂ ಮನುಷ್ಯನೂ, ಗುರುವೂ ಶಿಷ್ಯನೂ ಒಂದೇ ಹೊತ್ತಿಗೆ ಒಂದೇ ಕಡೆ ಇರಬೇಕು. ಅಧಿಕಾರದ ಅಡ್ಡಿ: ಬಾಗಿಲು ಇಂಥ ಹೊತ್ತಿಗೆ ಮುಚ್ಚುತ್ತದೆ, ಇಂಥವರಿಗೆ ಪ್ರವೇಶವಿಲ್ಲ. ಈ ಮೂರರ ಸಂದಿಯಲ್ಲಿ ದಾರ ತೂರಿದರೆ ಆ ಬದುಕು ಸಾಧ್ಯ, ತೂರದಿದ್ದರೆ ಇಲ್ಲ. ಮನುಷ್ಯನ ಇಚ್ಛೆ, ಬುದ್ಧಿ, ಶ್ರದ್ಧೆ ಎಲ್ಲ ಆಮೇಲಿನ ಮಾತು.

ಸಂಶೋಧಕ ಒಂದು ಹಾಳೆ ತೆಗೆದು, "ನಿಮ್ಮ ಯಾರಾದರೂ ವಿದ್ಯಾರ್ಥಿಯ ದಿನ ಹೇಳಿ ಸಾರ್, ಎಳೆದು ತೋರಿಸ್ತೀನಿ" ಎಂದ. ಬಾಯಿಗೆ ಬಂದದ್ದು ಒಬ್ಬ ಹುಡುಗಿಯ ದಿನ. ಅವಳ ಹೆಸರು ಇಲ್ಲಿ ಬೇಡ.

ಆ ಹುಡುಗಿ 2018ರಲ್ಲಿ ಚಿಂಚೋಳಿ ಸೀಮೆಯ ಹಳ್ಳಿಯೊಂದರಿಂದ ಬಂದು ಬಿ.ಎ.ಗೆ ಸೇರಿದಳು. ದಿನದ ಮೊದಲ ತರಗತಿ ನನ್ನದು, ಹಳಗನ್ನಡ. ಪಾಠ ಆರಂಭವಾಗಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಬಾಗಿಲಲ್ಲಿ ಅವಳ ನೆರಳು ಬೀಳುತ್ತಿತ್ತು. "ಬಸ್ ತಡ ಆಯ್ತ್ರಿ ಸರ್." ನಾನು ಕಟ್ಟುನಿಟ್ಟಿನ ಮೇಷ್ಟರೆಂದು ಹೆಸರಾದವನು, ಹಾಜರಿ ಕೂಗಿದ ಮೇಲೆ ಬಂದವರಿಗೆ ಹಾಜರಿಯಿಲ್ಲ. ಒಂದು ದಿನ ತಮಾಷೆಗೆಂದು ಹೇಳಿದೆ: "ದಿನಾಲೂ ತಡವಾಗಿ ಬಂದರೆ ಅದು ತಡವಲ್ಲಮ್ಮ, ಅದೇ ಆ ಬಸ್ಸಿನ ಹೊತ್ತು. ಅದಕ್ಕಿಂತ ಮುಂಚಿನ ಬಸ್ಸಿಗೆ ಬಾ." ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಅದಕ್ಕಿಂತ ಮುಂಚಿನ ಬಸ್ಸು ಇರಲಿಲ್ಲವೆಂಬುದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ವರ್ಷದ ಕೊನೆಗೆ ಹಾಜರಿ ನೂರಕ್ಕೆ ಎಪ್ಪತ್ತೈದು ಮುಟ್ಟಲಿಲ್ಲ. ನನ್ನ ವಿಷಯದಲ್ಲಿ ಮಾತ್ರ. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಮುಂದಿನ ವರ್ಷ ಅವಳು ಬರಲಿಲ್ಲ.

ಸಂಶೋಧಕ ಗೆರೆ ಎಳೆಯುತ್ತ ಹೋದ. ನಸುಕಿನಲ್ಲಿ ನೀರು. ರೊಟ್ಟಿ. ಹಳ್ಳಿಯಿಂದ ಡಾಂಬರು ರಸ್ತೆಗೆ ನಡಿಗೆ. ಒಂದು ಬಸ್ಸು, ಚಿಂಚೋಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ನಿಲ್ದಾಣದಿಂದ ಕಾಲೇಜಿಗೆ ನಡಿಗೆ. ಗೆರೆ ನನ್ನ ತರಗತಿಯ ಬಾಗಿಲ ಹತ್ತಿರ ಬಂದು, ಬಾಗಿಲು ಮುಚ್ಚಿದ್ದರಿಂದ ಅಲ್ಲಿಯೇ ನಿಂತಿತು. ಅವನು ಆ ಜಾಗದಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕಿ, "ಇದು ಅಧಿಕಾರದ ಅಡ್ಡಿ, ಸಾರ್" ಎಂದ. ಅವನಿಗೆ ಅದು ಯಾರದೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆದರೆ ಮರುದಿನ ಒಂದು ಬೇಡಿಕೆ ಇಟ್ಟೆ. ಹದಿನಾಲ್ಕು ಪುಟದ ಕೊನೆಯಲ್ಲಿ ಒಂದೇ ಒಂದು ಪ್ರಶ್ನೆಯನ್ನು ನಾನು ಸೇರಿಸಬೇಕು: 'ಹೋಗಬೇಕೆಂದು ಇದ್ದು ಹೋಗಲಾಗದೆ ಉಳಿದದ್ದು ಎಲ್ಲಿಗೆ?' ಆಗದೆ ಇದ್ದದ್ದನ್ನು ಅಳೆಯುವುದು ಹೇಗೆ ಎಂದು ಅವನು ತಕರಾರು ಮಾಡಿದ. ಅಳೆಯಬೇಡ, ಕೇಳು ಎಂದೆ. ಒಪ್ಪಿಕೊಂಡ, ಒಳ್ಳೆಯ ಹುಡುಗ.

ಬಂದ ಉತ್ತರಗಳನ್ನು ನಾನು ಮರೆತಿಲ್ಲ. ಕಣ್ಣಿನ ಆಪರೇಷನ್ನಿಗೆ ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗಬೇಕಾಗಿತ್ತು, ಜೊತೆಗೆ ಬರುವವನ ಒಂದು ದಿನದ ಕೂಲಿ ಹೋಗುತ್ತದೆ. ಹೆತ್ತ ತಂಗಿಯನ್ನು ನೋಡಿಬರಬೇಕಾಗಿತ್ತು, ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ಇರಬೇಕಾಗುತ್ತದೆ. ಗಾಣಗಾಪುರಕ್ಕೆ ಹರಕೆ ಇತ್ತು. ಚಿತ್ತಾಪುರ ಕಡೆಯ ಒಬ್ಬ ಕಾರ್ಖಾನೆಯ ಕೆಲಸಗಾರ, "ಎಲ್ಲೂ ಇಲ್ರಿ, ಒಂದು ರವಿವಾರ ಸುಮ್ನ ಮನ್ಯಾಗ ಕುಂದ್ರಬೇಕಂತಿದ್ದೆ, ಅದಾ ಆಗವಲ್ದು" ಎಂದ. ತಾಂಡಾವೊಂದರಲ್ಲಿ ನಡುವಯಸ್ಸಿನವನೊಬ್ಬ ಪ್ರಶ್ನೆಯನ್ನೇ ತಿರುಗಿಸಿಬಿಟ್ಟ: "ಬಾಂಬೆಕ್ಕ ಕೆಲಸಕ್ಕ ಹೋಗಬಾರ್ದಂತಿದ್ದೆ ಸರ್, ಹೋದೆ. ಅದನ್ನ ಎಲ್ಲಿ ಬರ್ಕೋತೀರಿ?" ಅದಕ್ಕೆ ನಮ್ಮಲ್ಲಿ ಕೋಷ್ಟಕವಿರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದುಕೊಂಡೆವು.

ಬಾಳಿಕೆಯ ಓಡಾಟಕ್ಕೆ ಪಂಡಿತರು ಒಂದು ಸೂತ್ರ ಹೇಳುತ್ತಾರೆ. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಮೂರೇ ಮಾತು: ತಪ್ಪಿಸು, ಬದಲಿಸು, ಸುಧಾರಿಸು. ಬೇಡದ ಓಡಾಟ ತಪ್ಪಿಸು. ಆಗಬೇಕಾದದ್ದನ್ನು ಕಾರು ಲಾರಿಗಳಿಂದ ರೈಲು, ಬಸ್ಸು, ಸೈಕಲ್ಲಿಗೆ ಬದಲಿಸು. ಉಳಿದ ವಾಹನಗಳನ್ನು ಹೊಗೆ ಕಡಿಮೆಯಾಗುವಂತೆ ಸುಧಾರಿಸು. ಇದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ಸಿಮೆಂಟು ಲಾರಿಗಿಂತ ರೈಲಿನಲ್ಲಿ ಹೋದರೆ ಎಣ್ಣೆಯೂ ಉಳಿಯುತ್ತದೆ, ಸೇಡಂ ರಸ್ತೆಯ ಧೂಳು ಕುಡಿಯುವವರ ಎದೆಯೂ ಉಳಿಯುತ್ತದೆ. ಆದರೆ ಈ ಸೂತ್ರವನ್ನು ಹಿಡಿದುಕೊಂಡು ನಮ್ಮ ಐದು ಊರುಗಳಿಗೆ ಅಂಕ ಕೊಡಲು ಹೊರಟರೆ ವಿಚಿತ್ರವಾಗುತ್ತದೆ. ನಡೆಯುತ್ತಾರೆ, ಹೊಗೆಯಿಲ್ಲ: ಪೂರ್ತಿ ಅಂಕ. ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಿದ್ದಾರೆ, ಕಾಲೇಜಿಗೆ ಬರುವುದನ್ನು ತಪ್ಪಿಸಿದ್ದಾರೆ: ಮೊದಲ ದರ್ಜೆ. ಚಿಂಚೋಳಿಯ ಆ ಹುಡುಗಿ 2019ರಿಂದ ಭೂಮಿಯ ಗಾಳಿಗೆ ಯಾವ ಕೆಡುಕನ್ನೂ ಮಾಡಿಲ್ಲ. ಅಸಹಾಯಕತೆಗೆ ಸದ್ಗುಣವೆಂದು ಪ್ರಶಸ್ತಿಪತ್ರ ಬರೆದುಕೊಡುವುದು ನಮ್ಮಂಥ ಓದಿದವರಿಗೆ ಬಹಳ ಸುಲಭ. ಯಾವುದನ್ನು ತಪ್ಪಿಸಬೇಕು ಎಂಬುದನ್ನು ತಾಂಡಾದ ಆ ಮನುಷ್ಯ ಹೇಳಿದ್ದ: ಮುಂಬಯಿಯ ದಾರಿಯನ್ನು. ಯಾವುದನ್ನು ತಪ್ಪಿಸಬಾರದು ಎಂಬುದಕ್ಕೆ ನನ್ನ ಹಾಜರಿ ಪುಸ್ತಕವೇ ಸಾಕ್ಷಿ.

ಸಮೀಕ್ಷೆ ಮುಗಿದು ಅವನು ಊರಿಗೆ ಹೋದ ಕೆಲವು ತಿಂಗಳಿಗೆ, 2023ರ ಜೂನ್ 11ರಂದು, ಸರಕಾರದ ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಅದರ ಖರ್ಚು ಲಾಭಗಳ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ಆಗಿದೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಸೇಡಂ ನಿಲ್ದಾಣದಲ್ಲಿ ಬಸ್ಸಿನ ಬಾಗಿಲಿಗೆ ಮುತ್ತಿದ ಹೆಂಗಸರನ್ನು ನೋಡಿ ಒಬ್ಬ ಗೃಹಸ್ಥರು, "ಇಷ್ಟು ಜನ ಇಷ್ಟು ದಿನ ಎಲ್ಲಿದ್ರು?" ಎಂದು ಗೊಣಗಿದರು. ಎಲ್ಲಿದ್ದರೆಂದು ನನಗೆ ಗೊತ್ತಿತ್ತು. ಹದಿನಾಲ್ಕನೆಯ ಪುಟದ ಕೊನೆಯ ಪ್ರಶ್ನೆಯಲ್ಲಿದ್ದರು. ಹಣ ಒಂದು ಅಡ್ಡಿ, ಅದು ಸರಿಯಿತು. ಹೊತ್ತು ಇನ್ನೊಂದು ಅಡ್ಡಿ. ಅದಕ್ಕೆ ಶೂನ್ಯದ ಟಿಕೇಟು ಹರಿಯುವುದಿಲ್ಲ. ಬಸ್ಸು ಇಲ್ಲದ ಊರಿನಲ್ಲಿ ಪುಕ್ಕಟೆಯಾದರೂ ಒಂದೇ, ದುಡ್ಡಿನದಾದರೂ ಒಂದೇ.

ಆ ಸಾಲಿನ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ನಿಲ್ದಾಣದಲ್ಲಿ ಯಾರೋ "ನಮಸ್ಕಾರ್ರಿ ಸರ್" ಎಂದರು. ಕಂಕುಳಲ್ಲಿ ಮಗು, ಕೈಯಲ್ಲಿ ದವಾಖಾನೆಯ ಚೀಟಿ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆರಾಮವೇ ಎಂದೆ, ಆರಾಮ ಎಂದಳು. ಆಮೇಲೆ ಇಬ್ಬರಿಗೂ ಮಾತು ಹೊಳೆಯಲಿಲ್ಲ. ನಾನು ಹೇಳಬೇಕೆಂದಿದ್ದದ್ದನ್ನು ನಾಲ್ಕು ವರ್ಷ ಮನಸ್ಸಿನಲ್ಲಿ ಬರೆದು ಹೊಡೆದುಹಾಕಿದ್ದೆ. ನಿಲ್ದಾಣದ ಗದ್ದಲದಲ್ಲಿ ಅದರ ಒಂದು ವಾಕ್ಯವೂ ನೆನಪಾಗಲಿಲ್ಲ. ಅವಳೇ ಹೇಳಿದಳು:

"ನನ್ನ ತಂಗಿ ಈ ಸಲ ನಿಮ್ಮ ಕಾಲೇಜಿಗಿ ಸೇರ್ಯಾಳ್ರಿ ಸರ್. ಬಸ್ಸಿನ ಹೊತ್ತು ಅದೇ ಅದ. ತಡ ಆದ್ರ ಹೊರಗ ನಿಂದ್ರಿಸಬ್ಯಾಡ್ರಿ."

ಅವಳ ಮಾತಿನಲ್ಲಿ ದೂರಿರಲಿಲ್ಲ. ಅದೇ ಕಷ್ಟವಾದದ್ದು. ಇಲ್ಲ, ನಿಲ್ಲಿಸುವುದಿಲ್ಲ ಎಂದೆ. ಬಸ್ಸು ಬಂತು. "ಹೋಗಿ ಬರ್ತೀನ್ರಿ" ಎಂದು ಮಗುವನ್ನು ಎತ್ತಿಕೊಂಡು ಜನರ ನಡುವೆ ನುಗ್ಗಿದಳು.

ಬಸ್ಸಿನ ವೇಳೆ ಬದಲಿಸಬೇಕೆಂದು ಅರ್ಜಿ ಬರೆದು ಕಳಿಸಿದ್ದೇನೆ. ಕನ್ನಡ ಮೇಷ್ಟರ ಅರ್ಜಿಯಾದ್ದರಿಂದ ಒಕ್ಕಣೆಯಲ್ಲಿ ದೋಷವಿರಲಾರದು. ಉತ್ತರ ಬರುವವರೆಗೆ ನನ್ನ ಕೈಯಲ್ಲಿದ್ದ ಒಂದು ಕೆಲಸ ಮಾಡಿದೆ. ಪ್ರಾಂಶುಪಾಲರನ್ನು ಕೇಳಿಕೊಂಡು ಹಳಗನ್ನಡವನ್ನು ಮೂರನೆಯ ತರಗತಿಗೆ ಹಾಕಿಸಿಕೊಂಡೆ. ಮೊದಲ ತರಗತಿ ಯಾರದೋ ಬೇರೆಯವರದಾಯಿತು, ಅವರ ಬಾಗಿಲಿಗೂ ಇಪ್ಪತ್ತು ನಿಮಿಷ ತಡವಾಗಿ ಒಂದು ನೆರಳು ಬೀಳುತ್ತಿರಬೇಕು. ಅವರಿಗೆ ಈ ಹುಡುಗಿಯ ವಿಷಯ ಹೇಳಿದ್ದೇನೆ. ಹಾಜರಿಯನ್ನು ತರಗತಿಯ ಕೊನೆಗೆ ಕೂಗಬಹುದು ಎಂದೂ ಹೇಳಿದ್ದೇನೆ. ನಾನೂ ಈಗ ಹಾಗೆಯೇ ಕೂಗುತ್ತೇನೆ.